ಗಾಡಿ ಮೇಲಿದ್ದವರ ಬದಲಿಗೆ ನಿಂತವನು

ಬೆಳಿಗ್ಗೆ ಆರು ಗಂಟೆಗೆ ವಾಯ್ಸ್ ಮೆಸೇಜ್ ಕಳಿಸಿದವನು ಹತ್ತು ಗಂಟೆಗೆ ಇಲ್ಲ ಅಂದರೆ...
ಹೇಗೆ ನಂಬೋದು ಹೇಳಿ.

ಆ ಮೆಸೇಜನ್ನು ಮತ್ತೆ ಮತ್ತೆ ಕೇಳುತ್ತಿದ್ದೇನೆ.
"ಯಮನೂರ, ಎಲ್ಲಿ ಅದಿ? ನಾ ನಿನ್ನೆ ಮನಿ ಮುಟ್ಟೀನಿ. ನಾಕು ದಿನ ಊರಾಗ ಇರ್ತೀನಿ. ಏನರ ಕೆಲಸ ಇದ್ರ ಹೇಳು."
ಅಷ್ಟೇ.
ಅನ್‌ಲೋಡಿಂಗ್ ಗಡಿಬಿಡಿಯಲ್ಲಿದ್ದೆ. ಆಮೇಲೆ ಉತ್ತರ ಕೊಟ್ಟರಾಯಿತು ಅಂದುಕೊಂಡೆ...

ತಳಕಲ್ಲಿನ ಶರಣಪ್ಪ, ಹತ್ತೊಂಬತ್ತು ವರ್ಷ ನನ್ನ ಜೊತೆ ಲಾರಿ ಲೈನಿನಲ್ಲಿದ್ದ ದೋಸ್ತ, ಇವತ್ತು ತನ್ನ ಮನೆಯಲ್ಲೇ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟ.
ಇಪ್ಪತ್ತಾರು ದಿನ ರಸ್ತೆ ಮೇಲಿದ್ದು ಬಂದಿದ್ದ.

ನಾನು ಸೂರತ್‌ನಲ್ಲಿದ್ದೇನೆ.
ಗಂಗಾವತಿ ಅಕ್ಕಿ ಇನ್ನೂ ಅರ್ಧ ಇಳಿದಿಲ್ಲ. ಊರು ಎರಡು ದಿನದ ದಾರಿ.
ಸಂಜೆ ನಾಲ್ಕಕ್ಕೆ ಮಣ್ಣು.
ನಾನು ಮುಟ್ಟುವುದಿಲ್ಲ...
ನಮ್ಮ ಹಣೆಬರಹವೇ ಇಷ್ಟು. ಹೆರಿಗೆ, ಮದುವೆ, ಸಾವು, ಎಲ್ಲವನ್ನೂ ಫೋನಿನಲ್ಲೇ ನೋಡಬೇಕು.

ಈ ಹಣೆಬರಹದ ಮೇಲೆಯೇ ಶರಣಪ್ಪನಿಗೆ ಸಿಟ್ಟು.
ಅವನ ಅಪ್ಪ ತೀರಿಕೊಂಡಾಗ ಅವನು ನಾಗಪುರದಲ್ಲಿದ್ದ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಮುಖ ಸಿಗಲಿಲ್ಲ.
ಅದೇ ವಾರ ನಮ್ಮ ಹನ್ನೊಂದು ಜನ ಡ್ರೈವರ್‌ಗಳ ಗ್ರೂಪಿನಲ್ಲಿ ಒಂದು ಮಾತು ಹಾಕಿದ.
"ಗಾಡಿ ಮ್ಯಾಲ ಇದ್ದಾಂವನ ಮನಿಯಾಗ ಏನರ ಆತಂದ್ರ, ಊರಾಗ ಇದ್ದಾಂವ ಹೋಗಬೇಕು. ನೆಪ ಹೇಳಂಗಿಲ್ಲ."
ಎಲ್ಲರೂ ಥಂಬ್ಸ್ ಅಪ್ ಹಾಕಿದೆವು.
ನಿಜವಾಗಿ ಹೋಗುತ್ತಿದ್ದವನು ಅವನೊಬ್ಬನೇ...

ನನ್ನ ಮಗಳು ಹುಟ್ಟಿದಾಗ ನಾನು ಮಧುರೈನಲ್ಲಿದ್ದೆ. ಕುಷ್ಟಗಿಯಿಂದ ಕೊಪ್ಪಳದ ಆಸ್ಪತ್ರೆಗೆ ನನ್ನ ಹೆಂಡತಿಯನ್ನು ಕರೆದೊಯ್ದವನು ಅವನು.
ನರ್ಸ್ ಬಂದು "ಗಂಡ ಯಾರ್ರಿ?" ಅಂದರೆ,
"ಗಂಡ ಗಾಡಿ ಮ್ಯಾಲ ಅದಾನ್ರಿ ಮೇಡಂ. ಸದ್ಯಕ್ಕ ಬೈಯೂದಿದ್ರ ನನಗ ಬೈರಿ" ಅಂದನಂತೆ.

ಅದೇ ಮಗಳ ಶಾಲೆಯಲ್ಲಿ ಅಪ್ಪಂದಿರೇ ಬರಬೇಕು ಅಂದಾಗಲೂ ಹೋದವನು ಅವನೇ. ಟೀಚರ್ ಅವಳ ಅಕ್ಷರ ಸರಿಯಿಲ್ಲ ಅಂದರು. "ಅವರಪ್ಪಂದು ನೀವು ನೋಡಿಲ್ಲ ಬಿಡ್ರಿ. ಅದರ ಮುಂದ ಇಕೀದು ಭಾಳ ಛಲೋ ಐತಿ!" ಅಂದನಂತೆ.
ಊರಿಗೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದ, ಕಳ್ಳ.

ಶರಣಪ್ಪಾ...
ಒಂದು ಮಾತು ಹೇಳಲೇಬೇಕು ನಿನಗೆ.
ತಿಂಗಳಿಗೆ ನಾಲ್ಕು ದಿನ ನಿನಗೆ ಮನೆ ಸಿಗುತ್ತಿತ್ತು. ಆ ನಾಲ್ಕು ದಿನವನ್ನೂ ನಾವು ತಿಂದುಬಿಟ್ಟೆವಲ್ಲೋ...
ಹೋದ ಸಲ ನಿನ್ನ ಹೆಂಡತಿ ರೇಣುಕವ್ವ ನಗುತ್ತಲೇ ಅಂದಿದ್ದಳು, "ಅಣ್ಣಾರ, ಇವರು ಮನಿಗೆ ಬಂದ್ರೂ ಮನಿಯಾಗ ಇರಂಗಿಲ್ಲ ನೋಡ್ರಿ."
ನಾವೂ ನಕ್ಕೆವು. ನಗಬಾರದಿತ್ತು.

ಹೋದ ವಾರ ನೀನು ಎದೆ ಉರಿ ಅಂದಿದ್ದೆ. "ಗ್ಯಾಸ್ ಇರಬೇಕು ಬಿಡು" ಅಂತಲೂ ನೀನೇ ಅಂದೆ.
ನಮ್ಮೆಲ್ಲರ ಮನೆಯವರನ್ನು ಡಾಕ್ಟರಿಗೆ ತೋರಿಸಿದವನು ನೀನು. ನಿನ್ನನ್ನು ತೋರಿಸುವ ಪಾಳಿ ನಮ್ಮದಿತ್ತು.
ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ.

"ಅಳ್ಕೋಂತ ಸ್ಟೇರಿಂಗ್ ಹಿಡೀಬ್ಯಾಡ" ಅಂತ ನೀನೇ ಬೈಯುತ್ತಿದ್ದೆ. ಅದಕ್ಕೇ ಗಾಡಿ ನಿಂತಿರುವಾಗಲೇ ಎಲ್ಲ ಅತ್ತು ಮುಗಿಸುತ್ತಿದ್ದೇನೆ.

ಮಧ್ಯಾಹ್ನ ರೇಣುಕವ್ವನಿಗೆ ಫೋನ್ ಹಚ್ಚಿದೆ.
ಅವಳೇ ಮೊದಲು ಮಾತಾಡಿದಳು.
"ಅಣ್ಣಾರ... ಗುರುವಾರ ಈರಣ್ಣನ ಅವ್ವಂದು ಕಣ್ಣಿನ ಆಪರೇಷನ್ ಐತಿ. ಇವರು ಕರ್ಕೊಂಡು ಹೋಗೋರಿದ್ರು. ಆಸ್ಪತ್ರಿ ಚೀಟಿ ಇವರ ಅಂಗಿ ಕಿಸೆದಾಗ ಐತಿ. ಆ ಮುದುಕಿ ದಾರಿ ಕಾಯ್ತಾಳ... ಯಾರು ಹೋಗ್ತೀರಿ?"

ಗಂಗಾವತಿಯ ಈರಣ್ಣ ನಮ್ಮ ಗ್ರೂಪಿನವನೇ. ಈಗ ಅಸ್ಸಾಂ ದಾರಿಯಲ್ಲಿದ್ದಾನೆ.
ಗಂಡನ ದೇಹ ಎದುರಿಗೆ ಇಟ್ಟುಕೊಂಡು ಆ ಹೆಣ್ಣುಮಗಳು ಕೇಳಿದ್ದು ಇದನ್ನು...

ಫೋನ್ ಇಟ್ಟವನೇ ಮಾಲೀಕರಿಗೆ ಹೇಳಿದೆ. "ರಿಟರ್ನ್ ಲೋಡಿಗೆ ಕಾಯಂಗಿಲ್ರಿ. ಖಾಲಿ ಗಾಡಿ ತರ್ತೀನಿ. ಗುರುವಾರದೊಳಗ ಊರು ಮುಟ್ಟಬೇಕು."
ಮೊದಲು ರೇಗಿದರು. ಕಾರಣ ಹೇಳಿದೆ.
"ಸಾವಕಾಶ ಬಾ" ಅಂದರು.

ಗ್ರೂಪಿನವರಿಗೆ ಒಂದು ಮಾತು.
ಕೈ ಮುಗಿಯುವ ಇಮೋಜಿ ಹಾಕಿ ಸುಮ್ಮನಾಗಬೇಡಿ. ಊರಲ್ಲಿದ್ದವರು ಈಗಲೇ ತಳಕಲ್ಲಿಗೆ ಹೊರಡಿ. ಹಿಟ್ನಾಳದ ಮಂಜಣ್ಣ ಆಗಲೇ ಹೊರಟಿದ್ದಾನೆ. "ನಿನ್ನ ಬದ್ಲಿ ಒಂದು ಹಿಡಿ ಮಣ್ಣು ನಾ ಹಾಕ್ತೀನಿ" ಅಂದಿದ್ದಾನೆ.

ಇನ್ನು ಮುಂದೆ ಊರಿಗೆ ಬರುವವರು ಮೊದಲೇ ತಾರೀಖು ಹಾಕಬೇಕು. ಹತ್ತು ಜನ ಉಳಿದಿದ್ದೇವೆ, ಪಾಳಿ ಹಚ್ಚಿಕೊಳ್ಳೋಣ. ಬಂದವನ ಮೊದಲ ಎರಡು ದಿನ ಅವನ ಹೆಂಡತಿ ಮಕ್ಕಳಿಗೆ. ಆ ಎರಡು ದಿನ ಅವನಿಗೆ ಯಾರೂ ಕೆಲಸ ಹೇಳಬಾರದು.
ಎದೆ ಉರಿ ಅಂದವನನ್ನು ಬೈದಾದರೂ ಸರಿ, ಎಳೆದುಕೊಂಡಾದರೂ ಸರಿ, ಡಾಕ್ಟರ್ ಮುಂದೆ ಕೂರಿಸಬೇಕು.
ಇದಕ್ಕೆ ಥಂಬ್ಸ್ ಅಪ್ ಬೇಡ. ಬರ್ತೀನಿ ಅಂತ ಬಾಯಿಬಿಟ್ಟು ಹೇಳಿ.

ದೋಸ್ತ...
ಬೆಳಗಿನ ಮೆಸೇಜಿಗೆ ಉತ್ತರ ಬಾಕಿ ಇತ್ತು. ಈಗ ಕೇಳು.
"ಊರಾಗ ನಿನಗ ಏನೂ ಕೆಲಸ ಇಲ್ಲೋ ಶರಣಪ್ಪ. ಗುರುವಾರ ಈರಣ್ಣನ ಅವ್ವನ ಜೋಡಿ ನಾ ಹೋಗ್ತೀನಿ. ನೀ ಮನಿಯಾಗ ಇರು."

ನಿನ್ನ ಆತ್ಮ ತಣ್ಣಗಿರಲಿ.