ಮಾನ್ವಿಯ ಹೊಸ್ತಿಲಿಗೆ ಬಂದ ರಾಪರ್ ಮಾವ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಆ ಅಮೆರಿಕದ ರಾಪರ್ ನನ್ನ ಸೋದರಮಾವನಲ್ಲ. ಮಾನ್ವಿಯ ಅರ್ಧ ಓಣಿ ಇವತ್ತಿಗೂ ಹಾಗೆಂದು ನಂಬಿದೆ. ನಂಬಿಸಿದವನು ನನ್ನ ಗಂಡ.

ರಾಯಚೂರಿನ ಹಾಸ್ಟೆಲಿನಲ್ಲಿದ್ದು ಓದುವಾಗ ಶನಿವಾರ ಬಂದರೆ ತವರಿಗೆ ಹೋಗಲು ದೇವದುರ್ಗದ ಬಸ್ಸು ಹತ್ತುತ್ತಿದ್ದೆ. ಸೀಟು ಸಿಗುವ ಮಾತೇ ಇಲ್ಲ. ನಿಂತೇ, ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಅವನ ಹಾಡು ಕೇಳುತ್ತಿದ್ದೆ. ಮೊದಲ ಹಾಡುಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ತಾನೇ ಮಾರಿದ್ದು, ಜೈಲಿಗೆ ಹೋದದ್ದು, ಅಲ್ಲಿ ಕಟ್ಟಿದ ಹಾಡು ಜಗತ್ತಿನಲ್ಲೆಲ್ಲ ಹಿಟ್ ಆದದ್ದು, ಎಲ್ಲ ನನಗೆ ಬಾಯಿಪಾಠ. ಅವನ ಇಂಗ್ಲಿಷಿನಲ್ಲಿ ಅರ್ಧ ತಿಳಿಯುತ್ತಿರಲಿಲ್ಲ. ತಿಳಿದ ಅರ್ಧ ಮನೆಯಲ್ಲಿ ಹೇಳುವಂಥದ್ದಲ್ಲ.

ಮದುವೆಯಾಗಿ ಮಾನ್ವಿಯ ಮನೆಗೆ ಬಂದೆ. ಗಂಡನ ಅಜ್ಜಿಗೆ ಈ ಸಂಬಂಧ ಬೇಡವಾಗಿತ್ತು. ಹಾಸ್ಟೆಲ್ ಹುಡುಗಿ ಮನೆ ನಡೆಸುವುದಿಲ್ಲ ಎಂದು ಮದುವೆಗೂ ಬಂದಿರಲಿಲ್ಲ. ಆ ಮನೆಯಲ್ಲಿ ಅವರ ಮಾತೇ ಮಾತು. ಅವರ ಬಾಯಿಂದ ‘ಬಾ’ ಬಾರದಿದ್ದರೆ ನಾನು ಅಲ್ಲಿ ಎಂದೆಂದಿಗೂ ಬೀಗರ ಹುಡುಗಿಯೇ.

ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತರು. ಗಂಡನ ಹೆಸರು ಸೇರಿಸಿ ಒಡಪು ಹೇಳಬೇಕು, ಆಮೇಲೆ ಒಳಗೆ. ಅವ್ವ ಕಲಿಸಿದ್ದ ಒಡಪು ಆ ಕ್ಷಣಕ್ಕೆ ತಲೆಯಿಂದ ಹಾರಿಹೋಯಿತು. ಒಳಗೆ ಹೊರಸಿನ ಮೇಲೆ ಕುಳಿತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಬಾಯಿಗೆ ಬಂದದ್ದು ಹೇಳಿದೆ:

“ಕಾರಿನ ಡಿಕ್ಕಿಯಾಗ ಹಾಡು ಇಟ್ಟು ಊರೂರು ಮಾರಿದ,
ಜೇಲಿನ್ಯಾಗ ಪದ ಕಟ್ಟಿ ಮುಗಿಲಿಗೆ ಹಾರಿದ,
ಬಂಗಾರದ ಸರ ಹಾಕ್ಕೊಂಡು ಬಹುಮಾನ ತಂದ,
ಕೈ ಹಿಡಿದವರ ಹೆಸರು ಹೇಳತೀನಿ ಛಂದ.”

ಹೆಸರು ಹೇಳಿದೆ. ಯಾರೂ ನಗಲಿಲ್ಲ. ಒಡಪಿನಲ್ಲಿ ತವರಿನವರನ್ನು ಹೊಗಳುವುದು ವಾಡಿಕೆ; ಇದೂ ಹಾಗೇ ಎಂದುಕೊಂಡರು.

“ಜೇಲಿಗೆ ಹೋದಾಂವ ಯಾರವ್ವ ನಿನಗ?” ಅಜ್ಜಿ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡನೆಂಬ ಶಾಣ್ಯಾ ಬೆವರುತ್ತ, “ಆಕಿ ಸೋದರಮಾವ, ಯವ್ವಾ. ಅಮೆರಿಕಾದಾಗ ಇರ್ತಾನ” ಎಂದ.

“ಮಾವ ಆಗಿ ಮದಿವಿಗಿ ಬರಲಿಲ್ಲ, ಒಂದು ಆಯೇರಿ ಸೀರಿ ಕಳಸಲಿಲ್ಲ,” ಎಂದರು ಅತ್ತೆ.

“ಆಂವ ನನ್ನ ಮಾವ ಅಲ್ಲರೀ,” ಎಂದೆ.

“ತವರವ್ರನ್ನ ಹಂಗ ನೂಕಬಾರದವ್ವ. ಜೇಲಿಗೆ ಹೋದ್ರೇನು, ರಕ್ತ ರಕ್ತನ,” ಎಂದು ಅತ್ತೆ ನನಗೇ ಬುದ್ಧಿ ಹೇಳಿದರು.

ಕಾರಿನ ಡಿಕ್ಕಿಯಲ್ಲಿ ಹಾಡಿಟ್ಟು ಮಾರುತ್ತಿದ್ದವನಿಗೆ ಬಂಗಾರದ ಸರ ಏತಕ್ಕೆಂಬ ಚರ್ಚೆ ಶುರುವಾಯಿತು. “ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವ,” ಎಂದಳು ನಾದಿನಿ. ಅವನಿಗೆ ಮದುವೆಯಾಗಿದೆಯೇ ಎಂದು ಇನ್ನೊಬ್ಬಾಕೆ ಕೇಳಿದಳು. ಅವಳ ತಂಗಿಗೆ ಗಂಡು ನೋಡುತ್ತಿದ್ದರಂತೆ. ನಾನು ಒದ್ದು ಒಳಗೆ ಹೋಗಬೇಕಿದ್ದ ಸೇರಕ್ಕಿ ಹೊಸ್ತಿಲ ಮೇಲೆ, ನಾನು ಬಿಸಿಲಲ್ಲಿ. ನನಗೆ ಸಿಟ್ಟು ನೆತ್ತಿಗೇರಿತ್ತು.

“ಏನ್ ಹಾಡ್ತಾನ ಆಂವ?” ಅಜ್ಜಿ ಮತ್ತೆ ಕೇಳಿದರು.

ಇನ್ನು ಸುಳ್ಳು ಸಾಕೆನಿಸಿತು. “ಅವನ ಸಣ್ಣಂದಿನ ಗೆಳ್ಯಾ ಒಬ್ಬಾಂವ ಸತ್ತನ್ರೀ. ಯಾವ ಹಾಡಿರಲಿ, ಮೊದಲ ಅವನ ಹೆಸರ ಹೇಳತಾನ. ಆಮ್ಯಾಲ ಹಾಡು.”

“ಸತ್ತವರ ಹೆಸರು? ಎಲ್ಲಾರ ಮುಂದ?”

“ಹೂಂರೀ. ಜೋರಾಗಿ.”

ಮಗ ಕೂಸಿದ್ದಾಗಲೇ ಗಂಡ ಸತ್ತ ಮೇಲೆ ಅಜ್ಜಿಯನ್ನು ಯಾರೂ ಒಡಪು ಕೇಳಿರಲಿಲ್ಲ. ವಿಧವೆಯನ್ನು ಯಾರು ಕೇಳುತ್ತಾರೆ? ಶುಭ ಕಾರ್ಯವೆಂದರೆ ಅವರೇ ಬಾಗಿಲಿನಿಂದ ದೂರ ಕೂಡುತ್ತಿದ್ದರು. ಈಗ ಎದ್ದರು. ಗೋಡೆ ಹಿಡಿದು ಹೊಸ್ತಿಲಿಗೆ ಬಂದರು. ಅತ್ತೆ ತಡೆಯಲು ಹೋಗಿ ಕೈ ಹಿಂದಕ್ಕೆಳೆದುಕೊಂಡರು.

“ಎರಿ ಹೊಲದಾಗ ಬಿಳಿಜ್ವಾಳ, ತೆನಿ ಬಾಗಿ ಭಾರ,
ಕರದ್ರ ಓ ಅನ್ನವರಿಲ್ಲ, ಆದ್ರೂ ಹೆಸರ ಆಧಾರ,” ಎಂದು ಹೇಳಿ, ಗಂಡನ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳಿದರು.

ಅವರ ಮಗ, ಅಂದರೆ ನನ್ನ ಗಂಡನ ಅಪ್ಪ, ತಾಯಿಯ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಅವರು ಟವೆಲಿನಿಂದ ಮುಖ ಮುಚ್ಚಿಕೊಂಡರು.

ಅಜ್ಜಿ ನನ್ನ ಕೈ ಹಿಡಿದರು. “ನಿಮ್ಮ ಮಾವಗ ಫೋನ್ ಹಚ್ಚಿ ಹೇಳು, ನಾನೂ ಹೇಳಿದೆ ಅಂತ,” ಎಂದರು. “ಈಗ ಒಳಗ ಬಾ.”