ಗುಂಡುಸೂಜಿಯ ಉಹೂಂ

ಅವಳ ಅಮ್ಮ ಟೈಲರ್. ಬಟ್ಟೆಗೆ ಗುರುತು ಹಾಕುವಾಗ ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡಿರುತ್ತಿದ್ದಳು. ಹಾಗಾಗಿ ಆ ಮನೆಯ ಅರ್ಧ ಸಂಸಾರ ಮೂಗಿನಲ್ಲೇ ನಡೆಯುತ್ತಿತ್ತು. ಆಡಲು ಹೋಗಲೇ ಎಂದರೆ 'ಹೂಂ'. ಹೊಸ ಚಪ್ಪಲಿ ಬೇಕು ಎಂದರೆ 'ಉಹೂಂ'. ಎರಡರ ನಡುವೆ ಇದ್ದದ್ದು ಕೂದಲೆಳೆಯಷ್ಟು ಅಂತರ, ಗಂಟಲಲ್ಲಿ ಒಂದು ಸಣ್ಣ ತಡೆ. ಅದನ್ನು ತಪ್ಪಾಗಿ ಕೇಳಿಸಿಕೊಂಡರೆ ಬೆನ್ನಿಗೆ ಅಳತೆಪಟ್ಟಿಯ ರುಚಿ ಸಿಗುತ್ತಿತ್ತು. ಮಗಳ ಕಿವಿ ಚುರುಕಾದದ್ದು ಹೀಗೆ. ನಾಲಿಗೆಯ ಚುರುಕು ಮಾತ್ರ ಅಮ್ಮನ ಬಳುವಳಿ. ಓಣಿಯವರು ಮಗಳಿಗೆ ಗುಂಡುಸೂಜಿ ಎಂದೇ ಹೆಸರಿಟ್ಟರು. ಅಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಗುಂಡುಸೂಜಿ ಇಲ್ಲದೆ ಯಾವ ಅಂಗಿಯ ತೋಳೂ ನೆಟ್ಟಗೆ ಕೂರುವುದಿಲ್ಲ ಎಂದಳು.

ಗುಂಡುಸೂಜಿ ಓದಿದಳು. ಕಾಲೇಜಿನವರು ಶುಲ್ಕ ಏರಿಸಿದಾಗ ಗೇಟಿಗೆ ಅಡ್ಡ ಮಲಗಿದಳು, ಹಾಸ್ಟೆಲಿನಿಂದ ಹೊರಬಿದ್ದಳು, ಮತ್ತೆ ಒಳನುಗ್ಗಿದಳು. ಮೂವತ್ತು ದಾಟಿದ ಮೇಲೆ ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿದಳು. ಯಂತ್ರ ಮೇಸ್ತ್ರಿಯಾದರೆ ಆಳುಗಳ ಗತಿ ಏನು ಎಂಬುದು ಅವಳ ವಿಷಯ. ದೊಡ್ಡಮ್ಮ ಅದನ್ನು ಕೇಳಿ, ಅದಕ್ಕೆ ಅಷ್ಟು ವರ್ಷ ಓದಬೇಕೇನೇ, ನಿನ್ನ ದೊಡ್ಡಪ್ಪನ ಕೈಕೆಳಗೆ ಒಂದು ವಾರ ಇದ್ದರೆ ಸಾಕಲ್ಲ ಎಂದಿದ್ದಳು.

ಅಂಥವಳಿಗೆ ಒಂದು ಕಂಪನಿಯ ಸಂಶೋಧನಾ ವಿಭಾಗದಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಕಚೇರಿಗಳಿಗೂ ಆಸ್ಪತ್ರೆಗಳಿಗೂ ಕಸ ಗುಡಿಸುವವರನ್ನು ಒದಗಿಸುವ ಕಂಪನಿ ಅದು. ಸಂಜೆಯಾದರೆ ಒಂದು ಯಂತ್ರವೇ ಕೆಲಸದ ಹೆಂಗಸರಿಗೆಲ್ಲ ಫೋನು ಮಾಡಿ, ನಾಳೆ ಎರಡನೇ ಪಾಳಿಗೂ ಬರುತ್ತೀರಾ ಎಂದು ಜೇನಿನಂಥ ದನಿಯಲ್ಲಿ ಕೇಳುತ್ತಿತ್ತು. ಅವರು ಕೊಟ್ಟ ಉತ್ತರವನ್ನು ತಾನೇ ಬರೆದುಕೊಳ್ಳುತ್ತಿತ್ತು.

ಗಾಜಿನ ಕೋಣೆ, ಗರಗರ ತಿರುಗುವ ಕುರ್ಚಿ. ಇಂಜಿನಿಯರ್ ಹುಡುಗರು ಅವಳನ್ನು ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ ನೋಡಿದರು. ವಿಭಾಗದ ಮುಖ್ಯಸ್ಥ ಮಾತ್ರ ಮೊದಲ ದಿನವೇ ಬಾಗಿಲವರೆಗೂ ಬಂದು, ನಮ್ಮ ತಪ್ಪುಗಳನ್ನು ನಿರ್ಭಯವಾಗಿ ಹೇಳಿ ಎಂದ. ತಪ್ಪು ಹುಡುಕಿ ಎಂದು ಕರೆಯುವವನು, ಸಿಗುವ ತಪ್ಪು ಚಿಕ್ಕದಿರಲಿ ಎಂದು ಒಳಗೊಳಗೇ ಹರಕೆ ಹೊತ್ತಿರುತ್ತಾನೆ.

ಸಿಕ್ಕಿದ್ದು ಚಿಕ್ಕದಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹಳೆಯ ಕರೆಗಳನ್ನು ಕೇಳುತ್ತಿದ್ದವಳು ಒಂದು ಕಡೆ ನಿಂತುಬಿಟ್ಟಳು. ಹಿಂದೆ ಮಗು ಅಳುತ್ತಿದೆ, ಪಾತ್ರೆ ಬೀಳುತ್ತಿದೆ, ಆ ಗದ್ದಲದಲ್ಲಿ ಹೆಂಗಸೊಬ್ಬಳು 'ಉಹೂಂ' ಎನ್ನುತ್ತಾಳೆ. ಯಂತ್ರ 'ಹೂಂ' ಎಂದು ಬರೆದುಕೊಂಡಿದೆ. ಮುಂದಿನ ಕರೆ ಕೇಳಿದಳು, ಅಲ್ಲೂ ಅದೇ ಕಥೆ. ಮೂಗಿನಲ್ಲಿ ಬಂದದ್ದೆಲ್ಲ ಅದಕ್ಕೆ ಒಪ್ಪಿಗೆಯೇ. ಎಲ್ಲದಕ್ಕೂ ತಲೆಯಾಡಿಸುವ ಕೋಲೆಬಸವ. ಮಾರನೆಯ ದಿನ ಆ ಹೆಂಗಸು ಎರಡನೇ ಪಾಳಿಗೆ ಬರದಿದ್ದರೆ, ಒಪ್ಪಿಕೊಂಡು ಕೈಕೊಟ್ಟವಳು ಎಂಬ ಹಣೆಪಟ್ಟಿ, ವಾರವಿಡೀ ಕೆಲಸವಿಲ್ಲ.

ನೆಲಮಾಳಿಗೆಯಲ್ಲಿ ಬಕೆಟ್ಟುಗಳ ಪಕ್ಕ ಬಟ್ಟೆ ಬದಲಿಸುವ ಹೆಂಗಸರ ಹತ್ತಿರ ಹೋಗಿ ಕೂತಳು. ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಹಿರಿಯಳೊಬ್ಬಳನ್ನು ಹೀಗೆ ಮತ್ತೆ ಮತ್ತೆ ಹೊರಗಿಟ್ಟಿದ್ದರು.

"ನಾನು ಉಹೂಂ ಅಂತೀನಿ, ಅದು ಹೂಂ ಅಂದ್ಲು ಅನ್ನುತ್ತೆ" ಎಂದಳು ಚಿಕ್ಕಮ್ಮ. "ನನ್ನ ಗಂಡನೂ ಹೀಗೇ ಇದ್ದ ಕಣಮ್ಮಾ. ಅವನಿಗಾದ್ರೆ ಪೊರಕೇಲಿ ಬಾರಿಸಬಹುದಿತ್ತು."

ಗುಂಡುಸೂಜಿ ತನ್ನ ವರದಿಯಲ್ಲಿ ಅದಕ್ಕೆಂದೇ ಒಂದು ಪುಟ ಬರೆದಳು.

ಮುಖ್ಯಸ್ಥ ಸಭೆ ಕರೆದ. ಮೇಜಿನ ಮೇಲೆ, ಆಡಿದ ಮಾತನ್ನು ತಾನಾಗಿ ಬರೆದುಕೊಳ್ಳುವ ಪೆಟ್ಟಿಗೆ ಇತ್ತು, ಫೋನು ಮಾಡುವ ಯಂತ್ರದ್ದೇ ಕಿವಿ ಅದಕ್ಕೂ. ಆತ ದನಿ ಏರಿಸುವವನಲ್ಲ, ಅಡ್ಡಗೋಡೆಯ ಮೇಲೆ ದೀಪ ಇಡುವವನು. ವರದಿ ಅದ್ಭುತ ಎಂದ. ಯಂತ್ರ ಇನ್ನೂ ಕಲಿಯುವ ಕೂಸು ಎಂದ. ಆ ಪುಟ ಹೊರಗೆ ಹೋದರೆ ಇಲ್ಲದ ತಲೆನೋವು ಎಂದ. ಇಂಟರ್ನ್‌ಶಿಪ್ ಮುಗಿಸಿದ ಪತ್ರಕ್ಕೆ ತಾನೇ ಸಹಿ ಹಾಕಬೇಕು, ಅದಿಲ್ಲದೆ ಕಾಲೇಜು ಈ ಮೂರು ತಿಂಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮಳೆ ಬರಬಹುದೇನೋ ಎನ್ನುವಷ್ಟು ಹಗುರಾಗಿ ನೆನಪಿಸಿದ.

"ಆ ಒಂದು ಪುಟ ಬಿಟ್ಟುಬಿಡೋಣ, ಅಲ್ವಾ ಮೇಡಂ?"

ಅವಳ ಹಲ್ಲುಗಳ ನಡುವೆ ಪೆನ್ನಿನ ಮುಚ್ಚಳವಿತ್ತು. "ಉಹೂಂ" ಎಂದಳು.

ಆತ ಗಡಿಯಾರ ನೋಡಿ ಸಭೆ ಮುಗಿಸಿದ. ಮರುದಿನ ಬೆಳಿಗ್ಗೆ ಸಭೆಯ ನಡಾವಳಿ ಎಲ್ಲರಿಗೂ ಬಂತು. ಪುಟ ಬಿಡಲು ಇಂಟರ್ನ್ ಒಪ್ಪಿದ್ದಾರೆ ಎಂದು ಅದರಲ್ಲಿತ್ತು. ವರದಿ ತೆರೆದು ನೋಡಿದರೆ ಪುಟ ಮಾಯ. ನೇರ ಅವನ ಕೋಣೆಗೆ ಹೋದಳು.

"ನೀವೇ ಹೂಂ ಅಂದ್ರಲ್ಲ" ಎಂದ.

"ಉಹೂಂ ಅಂದೆ. ನೀವು ಎದುರಿಗೇ ಕೂತಿದ್ರಿ ಸರ್."

"ನನಗೂ ಹೂಂ ಅಂತಾನೇ ಕೇಳಿಸ್ತು."

ಯಂತ್ರಕ್ಕಾದರೆ ಕಿವಿ ಮಂದ. ಇವನ ಕಿವಿಗೆ ಏನೂ ಆಗಿರಲಿಲ್ಲ. ಅದು ಪಕ್ಷ ಬದಲಿಸಿತ್ತು, ಅಷ್ಟೆ. ಕಾಫಿ ಲೋಟವನ್ನು ಅವನ ಮೇಜಿನ ಮೇಲೆ ಮಗುಚಿಬಿಡಬೇಕೆಂಬಷ್ಟು ಸಿಟ್ಟು ಬಂತು ಅವಳಿಗೆ. ಮೆಟ್ಟಿಲಿಳಿಯುವಾಗ ಸಿಟ್ಟು ಹೋಗಿ ನಗು ಬಂತು. ಕಳ್ಳ ತಾನಾಗಿಯೇ ಬಂದು ನಡಾವಳಿಯ ಮೇಲೆ ಬೆರಳ ಗುರುತು ಒತ್ತಿ ಹೋಗಿದ್ದ.

ಕೊನೆಯ ವಾರ ಇಂಟರ್ನ್‌ಗಳೆಲ್ಲ ಇಡೀ ಕಂಪನಿಯ ಮುಂದೆ ತಮ್ಮ ಕೆಲಸದ ಬಗ್ಗೆ ಮಾತಾಡುವ ರೂಢಿ. ಸಭಾಂಗಣದ ಪರದೆಯ ಕೆಳಭಾಗದಲ್ಲಿ, ಆಡಿದ ಮಾತು ಆಡಿದ ಹಾಗೇ ಅದೇ ಯಂತ್ರದಿಂದ ಅಕ್ಷರವಾಗಿ ಮೂಡುತ್ತಿತ್ತು. ಮುಖ್ಯಸ್ಥ ಒಪ್ಪಿದ್ದ ಪುಟಗಳನ್ನೆಲ್ಲ ಗುಂಡುಸೂಜಿ ತೋರಿಸಿದಳು. ಕಿತ್ತುಹಾಕಿದ ಪುಟದ ಜಾಗದಲ್ಲಿ ಸಭೆಯ ನಡಾವಳಿಯನ್ನೇ ತೋರಿಸಿ, ಇಲ್ಲಿ ನನ್ನ ಬಾಯಿಂದ ಬರದ ಒಪ್ಪಿಗೆಯೊಂದಿದೆ ಎಂದಳು.

ಮುಂದಿನ ಸಾಲಿನಲ್ಲಿದ್ದ ಮುಖ್ಯಸ್ಥ ನಗುನಗುತ್ತಲೇ ಮೈಕು ತೆಗೆದುಕೊಂಡ. ಇದು ಮುಗಿದ ವಿಷಯ ಎಂದ. "ಆ ಪುಟ ಬಿಡೋಕೆ ಒಪ್ಪಿದ್ರಿ ತಾನೇ?"

ಅವಳು ಬಾಯಿ ತೆರೆಯಲಿಲ್ಲ. ಮೈಕಿಗೆ ಮೂಗು ತಾಗುವಷ್ಟು ಬಾಗಿ, "ಉಹೂಂ" ಎಂದಳು.

ಪರದೆಯ ಮೇಲೆ ಕೈಯಗಲದ ಅಕ್ಷರದಲ್ಲಿ 'ಹೂಂ' ಎಂದು ಮೂಡಿತು.

ಮೊದಲು ಹಿಂದಿನ ಸಾಲಿನ ಇಂಜಿನಿಯರ್ ಹುಡುಗನೊಬ್ಬ ಕಿಸಕ್ಕೆಂದ. ಆಮೇಲೆ ಇಡೀ ಸಭಾಂಗಣ. ಆ ಹುಡುಗನೇ ಎದ್ದು, ಇನ್ನೊಂದು ಸಲ ಹೇಳಿ ಮೇಡಂ ಎಂದ. ಹೇಳಿದಳು. ಮತ್ತೆ 'ಹೂಂ'. ಯಾರೂ ನಗಲಿಲ್ಲ ಈ ಸಲ.

ಹೆಂಗಸರು ಬರಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಆಯಿತಲ್ಲ ಎಂದ ಮುಖ್ಯಸ್ಥ. ಅವನ ನಗು ಇನ್ನೂ ಮುಖದ ಮೇಲೇ ಇತ್ತು, ಒಣಹಾಕಿ ಮರೆತ ಬಟ್ಟೆಯ ಹಾಗೆ.

"ಅವರು ಹೇಳೇ ಇದ್ದಾರೆ ಸರ್. ಕಂಕುಳಲ್ಲಿ ಮಗು, ಬಾಯಲ್ಲಿ ಹೇರ್‌ಪಿನ್ನು, ಹಾಗೇ ಹೇಳಿದ್ದಾರೆ. ಕಿವಿ ರಿಪೇರಿ ಆಗಬೇಕಾದ್ದು ಅವರದ್ದಲ್ಲ."

ಹೊರಗಿಟ್ಟ ಹೆಂಗಸರನ್ನೆಲ್ಲ ಕಂಪನಿಯವರು ಆ ವಾರವೇ ವಾಪಸು ಕರೆದರು. ಸಂಜೆಯ ಫೋನನ್ನು ಸದ್ಯಕ್ಕೆ ಮನುಷ್ಯರೇ ಮಾಡತೊಡಗಿದರು. ಮೇಡಂ ಒಪ್ಪದೆ ಪುಟ ತೆಗೆದದ್ದು ನಿಯಮಕ್ಕೆ ವಿರುದ್ಧ ಎಂದು ಮೇಲಿನವರಿಗೆ ಬರೆದು, ಆ ಇಂಜಿನಿಯರ್ ಹುಡುಗ ಪುಟವನ್ನು ವರದಿಗೆ ಮತ್ತೆ ಸೇರಿಸಿದ. ಪತ್ರಕ್ಕೆ ಸಹಿ ಮಾತ್ರ ಬೀಳಲಿಲ್ಲ. ಮುಖ್ಯಸ್ಥರು ಊರಲ್ಲಿಲ್ಲ ಎಂದರು. ಗಾಜಿನ ಕೋಣೆಯಲ್ಲಿ ಅವನ ಬೋಳುತಲೆ ಕಾಣುತ್ತಲೇ ಇತ್ತು.

ಗುಂಡುಸೂಜಿ ಮನೆಗೆ ಬಂದಾಗ ಅಮ್ಮ ಅಂಗಿಯೊಂದನ್ನು ಮುಗಿಸಿ ಸೂಜಿಗಳನ್ನು ಡಬ್ಬಿಗೆ ಹಾಕುತ್ತಿದ್ದಳು.

"ಕಾಗದ ಕೊಟ್ರೇನೇ?"

"ಉಹೂಂ."

"ಹೋಗಿ ತಪ್ಪಾಯ್ತು ಅಂತೀಯಾ?"

"ಉಹೂಂ."

ಅಮ್ಮ ಡಬ್ಬಿಯಿಂದ ಮತ್ತೆ ನಾಲ್ಕು ಸೂಜಿ ತೆಗೆದು ತುಟಿಗಿಟ್ಟುಕೊಂಡು, ಮುಂದಿನ ಬಟ್ಟೆ ಎಳೆದುಕೊಂಡಳು.

"ಹೂಂ" ಎಂದಳು.