ಒಡೆದ ಕನ್ನಡಿಯ ಹೂಗಳು

ಊರಿಗಾಂನಲ್ಲಿ ನಮ್ಮ ಎದುರು ಮನೆಯವರನ್ನು ಎಲ್ಲರೂ ಟೀಚರಮ್ಮ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಅಂಗಡಿಯಿಂದ ತಂದ ಮೊಟ್ಟೆಯಾಗಲಿ, ಯಾರದೋ ಹೊಸ ಸೀರೆಯಾಗಲಿ, ಒಂದು ಕಣ್ಣು ಮುಚ್ಚಿ ಕಿಟಕಿಯತ್ತ ಎತ್ತಿ ಹಿಡಿಯುವರು. "ಬೆಳಕಿಗಿಟ್ಟು ನೋಡಾಣ" ಎನ್ನುವುದು ಅವರ ಮಾತು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಒರೆಸುವಾಗ ಗೋಡೆಯ ಕನ್ನಡಿ ಕೈಜಾರಿ ಒಡೆಯಿತು. ಅತ್ತೆ ತಲೆಯ ಮೇಲೆ ಕೈಹೊತ್ತು ಕೂತರು.

"ಬಂದಿದ್ದೇ ಕನ್ನಡಿ ಒಡದ್ಲು. ಇವ್ಳಿದ್ರೆ ಮನೆ ಉದ್ಧಾರ ಆಗ್ತದಾ? ಅವ್ರಪ್ಪಂಗೆ ಫೋನ್ ಮಾಡೋ, ಬಂದು ಕರ್ಕಂಡೋಗ್ಲಿ" ಎಂದು ಮಗನನ್ನು ಕೂಗಿದರು.

ಗದ್ದಲ ಕೇಳಿ ಟೀಚರಮ್ಮ ಬಂದರು. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ.

"ಚೂರುಗಳ್ನ ಬಿಸಾಕ್ಬ್ಯಾಡಕ್ಕಾ" ಎಂದಷ್ಟೇ ಹೇಳಿ, ಮನೆಯಿಂದ ಗಾಜು ಕತ್ತರಿಸುವ ಸಾಧನ ತಂದು ಜಗಲಿಯಲ್ಲಿ ಕೂತರು. ದೊಡ್ಡ ಚೂರಿನಿಂದ ಮೂರು ಉದ್ದನೆಯ ಪಟ್ಟಿ ತೆಗೆದು, ಹೊಳೆಯುವ ಮುಖ ಒಳಗಾಗುವಂತೆ ಸೇರಿಸಿ ಕೊಳವೆ ಕಟ್ಟಿದರು. ಅದರ ತುದಿಯಲ್ಲಿ ಎರಡು ತೆಳು ಪ್ಲಾಸ್ಟಿಕ್ ಹಾಳೆಗಳ ನಡುವೆ ಬಳೆಚೂರು ಹಾಕಿ ಅಂಟಿಸಿ, ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಒಲ್ಲದ ಮನಸ್ಸಿನಿಂದಲೇ ಕಣ್ಣಿಟ್ಟರು. ಕೊಳವೆ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಆಕಿದ್ದು ಒಂದ್ ಚಿಟಿಕೆ ಬಳೆಚೂರಲ್ವಾ? ಇಷ್ಟೊಂದ್ ಊವ ಎಲ್ಲಿಂದ ಬಂತು?"

"ಒಂದ್ ಕನ್ನಡೀಲಿ ಇನ್ನೊಂದ್ ಕನ್ನಡಿ ಕಾಣ್ತದಕ್ಕಾ, ಅಷ್ಟೇಯ" ಎಂದರು ಟೀಚರಮ್ಮ. ಉಳಿದ ಗಾಜನ್ನು ಪೇಪರಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿ ಹೊರಟೇಬಿಟ್ಟರು.

ಅತ್ತೆ ಬಹಳ ಹೊತ್ತು ನೋಡಿ, ಕೊಳವೆಯನ್ನು ನನ್ನತ್ತ ಚಾಚಿದರು. "ನೀನೂ ನೋಡಮ್ಮಿ."

ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.